ತೇಪೆಯ ಮೇಲೆ ಕೂತ ಏಜೆಂಟರು

ಬೂಟು ಬಿಚ್ಚದೆ ಹರಿಗೋಲಿಗೆ ಹಾರಿದ ಮನುಷ್ಯನನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದೆ. ಕಳೆದ ಭಾನುವಾರ, ಕಳ್ಳಂಬೆಳ್ಳದ ಕೆರೆಯಲ್ಲಿ. ಆತ ಬೇರೆ ಯಾರಾದರೂ ಆಗಿದ್ದರೆ ನಾನು ಹೊಟ್ಟೆ ತುಂಬ ನಕ್ಕು ಮನೆಗೆ ಬರುತ್ತಿದ್ದೆ. ಆತ ನನ್ನ ಹೆಂಡತಿಯ ಸ್ವಂತ ತಮ್ಮ.

ಹೆಸರು ಶೀನು. ಬೆಂಗಳೂರಿನ ಒಂದು ಜೀವವಿಮಾ ಕಂಪನಿಯ ಏಜೆಂಟ್. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು, ಒಂದೇ ಒಂದು ಪಾಲಿಸಿಯೂ ಗಿಟ್ಟಿರಲಿಲ್ಲ. ನೆಂಟರನ್ನೆಲ್ಲ ಕೇಳಿ ಮುಗಿಸಿ, ಈಗ ನೆಂಟರ ಊರಿನವರನ್ನು ಕೇಳಲು ಶಿರಾಕ್ಕೆ ಬಂದಿದ್ದ. (ಮೊದಲು ಕೇಳಿದ್ದು ನನ್ನನ್ನೇ. ನಾನು ಸ್ಕೂಲ್ ಮೇಷ್ಟ್ರು, ಸಂಬಳ ಎಷ್ಟೆಂದು ಅವನ ಅಕ್ಕನೇ ಹೇಳಿದಳು. ಆಮೇಲೆ ಅವನು ಆ ಮಾತೆತ್ತಲಿಲ್ಲ.)

ಈ ಸಲ ಕೆರೆ ಕೋಡಿ ಬಿದ್ದಿದೆ. ಎಷ್ಟೋ ವರ್ಷಗಳ ಮೇಲೆ! ಶಿರಾದಿಂದ ಜನ ಬುತ್ತಿ ಕಟ್ಟಿಕೊಂಡು ನೀರು ನೋಡಲು ಹೋಗುತ್ತಿದ್ದಾರೆ. ಶೀನುವೂ ನಾನೂ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು ಹತ್ತಿದೆವು. ಆ ಬಸ್ಸು ಏರಿನಲ್ಲಿ ನಿಂತಾಗ ಎಲ್ಲರೂ ಇಳಿದು ತಳ್ಳಿದೆವು. ಯಾರೂ ಗೊಣಗಲಿಲ್ಲ. ಕೆರೆ ತುಂಬಿದ ವರ್ಷ ಜನಕ್ಕೆ ಸಿಟ್ಟೇ ಬರುವುದಿಲ್ಲವೇನೋ.

ಕೆರೆಯ ಕಲ್ಲುಮೆಟ್ಟಿಲಿನ ಹತ್ತಿರ ಅಂಬಿಗ ರಂಗಪ್ಪ ಹರಿಗೋಲು ಕಟ್ಟಿಕೊಂಡು ಕೂತಿದ್ದ. ನಲವತ್ತರ ಆಸುಪಾಸಿನ ಆಳು. ಬಿದಿರಿನ ದೊಡ್ಡ ಬುಟ್ಟಿ, ತಳಕ್ಕೆ ಎಮ್ಮೆ ಚರ್ಮ, ಅದೇ ಅವನ ಹರಿಗೋಲು. ಕೋಡಿ ನೀರು ಗಾಡಿದಾರಿಯನ್ನು ಕೊಚ್ಚಿಹಾಕಿದ್ದರಿಂದ ಆಚೆ ದಡದ ಊರಿಗೆ ಹೋಗಲು ಈಗ ಅದೊಂದೇ ದಿಕ್ಕು.

ಶೀನುಗೆ ಗಿರಾಕಿ ಸಿಕ್ಕಂತಾಯಿತು. ಮೆಟ್ಟಿಲ ಮೇಲೆ ನಿಂತೇ ಭಾಷಣ ಶುರು ಮಾಡಿದ. "ನೋಡಪ್ಪ, ನಿನ್ನ ಕಸುಬು ನೀರಿನ ಮೇಲೆ. ಅಪಾಯ ಯಾವ ಗಳಿಗೆಯಲ್ಲಿ, ಯಾವ ದಿಕ್ಕಿನಿಂದ ಬರುತ್ತೆ ಅಂತ ಹೇಳೋಕಾಗುತ್ತಾ?"

"ಆಗಾಕಿಲ್ಲ ಸ್ವಾಮಿ," ಎಂದ ರಂಗಪ್ಪ.

"ಹಾಗಾದರೆ ಬಾ, ಕೂತು ಮಾತಾಡೋಣ," ಎನ್ನುತ್ತಾ ಶೀನು ಹರಿಗೋಲಿಗೆ ಹಾರಿದ. ಹಿಮ್ಮಡಿಗೆ ಲಾಳ ಹೊಡೆಸಿದ ಹೊಸ ಬೂಟು. ಕೆಳಗೆ ನೆನೆದು ಮೆತ್ತಗಾದ ಚರ್ಮ, ಅದರ ಕೆಳಗೆ ನೀರಿನಲ್ಲಿ ಮುಳುಗಿದ ಮೆಟ್ಟಿಲಿನ ಚೂಪು ಅಂಚು. ಚರ್ರ್ ಎಂದಿತು. ಶೀನುವಿನ ಬಲಗಾಲು ಮೊಣಕಾಲವರೆಗೆ ಹರಿಗೋಲಿನಿಂದ ಹೊರಗೆ ಹೋಯಿತು.

ನನಗೆ ನಗು ತಡೆಯಲಾಗಲಿಲ್ಲ. ಆದರೆ ರಂಗಪ್ಪ ನಗಲಿಲ್ಲ. ತೂತನ್ನೇ ನೋಡುತ್ತಾ, "ನಾಳೆ ಬೆಳಗ್ಗೆ ಮದುವೆ ಹೆಣ್ಣು ದಾಟಿಸಬೇಕಲ್ಲಾ ಸ್ವಾಮಿ," ಎಂದ. ನನ್ನ ನಗು ಅಲ್ಲೇ ನಿಂತಿತು.

ವಿಷಯ ಹೀಗಿತ್ತು. ಹೆಣ್ಣು ಈ ದಡದವಳು, ಮದುವೆ ಆಚೆ ದಡದ ಗಂಡಿನ ಮನೆಯಲ್ಲಿ. ಮುಹೂರ್ತ ಸೋಮವಾರ ಹತ್ತು ಗಂಟೆಗೆ. ದಾಟಿಸುತ್ತೇನೆಂದು ರಂಗಪ್ಪ ಹೆಣ್ಣಿನ ಅಜ್ಜಿಗೆ ಮಾತು ಕೊಟ್ಟಿದ್ದ. ಕೆರೆಗೆ ಇದ್ದದ್ದು ಒಂದೇ ಹರಿಗೋಲು. ಅದರಲ್ಲೀಗ ನನ್ನ ಭಾವಮೈದುನನ ಕಾಲು!

ಕಾಲು ಈಚೆಗೆ ಬರುವಷ್ಟರಲ್ಲಿ ಅರ್ಧ ಊರು ಸೇರಿತು. ತಪ್ಪು ಯಾರದು? ಶೀನು ಬೆಂಗಳೂರಿನ ಬುದ್ಧಿ ಓಡಿಸಿದ. ಹರಿಗೋಲನ್ನು ಸರಿಯಾಗಿ ಕಟ್ಟಿರಲಿಲ್ಲವಂತೆ, ಅಲುಗಾಡುತ್ತಿತ್ತಂತೆ, ಅದಕ್ಕೇ ಹಾರಬೇಕಾಯಿತಂತೆ.

"ನೀರ್ ಮ್ಯಾಲೆ ಇರೋದು ಅಲ್ಲಾಡ್ದೆ ಇರ್ತದಾ?" ಎಂದ ರಂಗಪ್ಪ.

"ಬೂಟು ಬಿಚ್ಚಿ ಅಂತ ಒಂದು ಬೋರ್ಡ್ ಇರಬೇಕಿತ್ತು," ಎಂದು ನಾನೂ ಬಾಯಿ ಹಾಕಿದೆ. (ಸಂಬಂಧ ನೋಡಿ! ಎಂಥ ಪಕ್ಷಪಾತ!) ಗುಂಪಿನಲ್ಲಿ ಯಾರೋ, "ಮೇಷ್ಟ್ರೇ, ದೇವಸ್ಥಾನದಾಗೆ ಬೋರ್ಡ್ ಐತಾ?" ಎಂದರು.

ರಂಗಪ್ಪ ಶೀನುವಿನ ಚೀಲದ ಕಡೆ ಕೈ ತೋರಿಸಿದ. "ಅದೇನೋ ವಿಮೆ ಅಂದ್ರಲ್ಲ, ಅದು ಇದಕ್ಕೆ ಬತ್ತದಾ?"

"ಇಲ್ಲಪ್ಪ. ನಮ್ಮದು ಜೀವಕ್ಕೆ ಮಾತ್ರ. ಅದೂ ಮೊದಲೇ ಮಾಡಿಸಿರಬೇಕು," ಎಂದ ಶೀನು. ಅವನ ಸ್ವರ ಇಳಿದಿತ್ತು. ಜೇಬಿಗೆ ಕೈ ಹಾಕಿ, "ಎಷ್ಟಾಗುತ್ತೆ ಹೇಳು, ಕೊಟ್ಟುಬಿಡ್ತೀನಿ," ಎಂದ.

"ದುಡ್ ಬ್ಯಾಡ ಬುಡಿ ಸ್ವಾಮಿ. ದುಡ್ ಕೊಟ್ಟು ನೀವು ಬಸ್ ಹತ್ಕೊಂಡು ಹೊಂಟೋಯ್ತೀರಿ. ತೂತು ನಮ್ ತಾವೇ ಇರ್ತದೆ. ನಮ್ ಕಸುಬ್ನಾಗೆ ಒಂದ್ ಕಟ್ಳೆ ಐತೆ. ಹರಿಗೋಲು ಹರ್ದೋನು, ತೇಪೆ ಹಾಕಿದ್ ಮ್ಯಾಕೆ, ಆ ತೇಪೆ ಮ್ಯಾಲೆ ಕುಂತು ಒಂದ್ಸಲ ಹೋಗಿ ಬರಬೇಕು. ಆಮ್ಯಾಕೆ ಜನ ಹತ್ತೋದು."

ಶೀನು ನನ್ನ ಮುಖ ನೋಡಿದ. ಅವನಿಗೆ ಈಜು ಬರುವುದಿಲ್ಲವೆಂದು ನನಗೆ ಗೊತ್ತು. "ಭಾವ, ಕೆರೆ ಎಷ್ಟು ಆಳ?" ಎಂದು ಮೆಲ್ಲಗೆ ಕೇಳಿದ. ನಾನು ಸುಳ್ಳು ಹೇಳಿದೆ.

"ಕರ್ಕೊಂಡ್ ಬಂದೋರು ನೀವಲ್ವಾ ಮೇಷ್ಟ್ರೇ? ನೀವೂ ಪಕ್ಕದಾಗೆ ಕುಂತ್ಕಬೇಕು," ಎಂದ ರಂಗಪ್ಪ. ಜವಾಬ್ದಾರಿ ಎನ್ನುವುದು ಹೀಗೆ ಪಕ್ಕದವನಿಗೂ ಅಂಟುತ್ತದೆಂದು ನನಗೇನು ಗೊತ್ತು?

ಚರ್ಮ ಎಲ್ಲಿಂದ ತರುವುದು? ದಾಟಲು ಕಾಯುತ್ತಿದ್ದವರಲ್ಲಿ ಶಿರಾದ ತೊಗಲು ವ್ಯಾಪಾರಿ ಖಾದರ್ ಸಾಹೇಬರಿದ್ದರು. ತಮ್ಮ ಗಂಟು ಬಿಚ್ಚಿ ಗಟ್ಟಿಯಾದ ಒಂದು ತುಂಡನ್ನು ಅವರೇ ಆರಿಸಿ ಕೊಟ್ಟರು. ಬೆಲೆ ಕೇಳಿದರೆ, "ಅರೆ, ಶಾದಿ ಕಾಮು, ಪೈಸಾ ಯಾಕೆ ಮೇಷ್ಟ್ರೇ?" ಎಂದು ತಾವೇ ದಬ್ಬಳ ಹಿಡಿದು ಕೂತರು.

ಇನ್ನು ನಮ್ಮ ಶೀನುವನ್ನು ನೀವು ನೋಡಬೇಕಿತ್ತು! ಅರ್ಧ ಗಂಟೆಯ ಹಿಂದೆ ದುಡ್ಡು ಕೊಟ್ಟು ಹೊರಡಲು ನಿಂತಿದ್ದವನು ಈಗ ತೇಪೆಯ ಪಕ್ಕದಿಂದ ಏಳಲೊಲ್ಲ. "ಸಾಹೇಬ್ರೇ, ಇಲ್ಲಿ ಇನ್ನೆರಡು ಹೊಲಿಗೆ ಹಾಕಿ." "ರಂಗಪ್ಪ, ಇಲ್ಲಿ ರಾಳ ಸಾಲದು." ನೀರು ಇಳಿಯದಂತೆ ಬಳಿಯಲು ಹೊಂಗೆ ಎಣ್ಣೆಯಲ್ಲಿ ರಾಳ ಕುದಿಸುವಾಗ ತಾನೇ ಒಲೆ ಊದಿದ. ಕೋಟು ಬಿಚ್ಚಿದ, ತೋಳು ಮಡಚಿದ, ಮೂಗಿಗೆಲ್ಲ ಮಸಿ. ಮೂರು ಸಲ ಬಳಿಸಿ, ನಾಲ್ಕನೆಯದನ್ನು ತಾನೇ ಬಳಿದ. ಬೇರೆಯವರ ಜೀವದ ಬಗ್ಗೆ ಮೂರು ತಿಂಗಳಿಂದ ಮಾತಾಡುತ್ತಿದ್ದವನಲ್ಲಿ ಅಷ್ಟು ಶ್ರದ್ಧೆ ನಾನು ಅಂದೇ ಕಂಡದ್ದು. ನಿಜ ಹೇಳಬೇಕೆಂದರೆ, ಅವನ ಮೇಲೆ ಅಭಿಮಾನ ಬಂತು.

ರಾತ್ರಿ ಹೆಣ್ಣಿನ ಮನೆಯಲ್ಲೇ ಊಟ, ಜಗಲಿಯ ಮೇಲೆ ನಿದ್ದೆ. (ರಜಾಚೀಟಿಯಲ್ಲಿ ಬರೆದಂತೆ ಸೋಮವಾರ ನನಗೆ ಜ್ವರ ಬಂದಿರಲಿಲ್ಲ. ನಮ್ಮ ಹೆಡ್‌ಮಾಸ್ಟರು ಈ ಅಂಕಣ ಓದುವುದಿಲ್ಲವೆಂಬ ಧೈರ್ಯದಿಂದ ಹೇಳುತ್ತಿದ್ದೇನೆ.)

ಬೆಳಗ್ಗೆ ಏಳಕ್ಕೆ ದಡದಲ್ಲಿ ವಾಲಗ, ಹೂವು, ಮದುವೆ ಜನ. ಅರಿಶಿಣದ ಸೀರೆಯಲ್ಲಿ ಹೆಣ್ಣು. ಎಲ್ಲರ ಮುಂದೆ ಬರಿಗಾಲಿನಲ್ಲಿ ನಾವಿಬ್ಬರು. ಶೀನು ತೇಪೆಯ ಮೇಲೆ ಕೂತ. ನಾನು ಪಕ್ಕದಲ್ಲಿ. ರಂಗಪ್ಪ ಹುಟ್ಟು ಹಾಕಿದ.

ಕೆರೆಯ ನಡುಮಧ್ಯದಲ್ಲಿ ಹರಿಗೋಲು ಒಂದು ಸುತ್ತು ತಿರುಗಿತು. ಶೀನು ನನ್ನ ತೋಳು ಹಿಡಿದುಕೊಂಡ. ಆಗ ರಂಗಪ್ಪ ಕೇಳಿದ: "ಸ್ವಾಮಿ, ನೀವು ಮಾಡ್ಸಿದೀರಾ ವಿಮೆ?"

"ಇಲ್ಲ," ಎಂದ ಶೀನು.

ರಂಗಪ್ಪ ನಗಲು ಶುರು ಮಾಡಿದ. ಹುಟ್ಟು ಬಿಟ್ಟು ನಕ್ಕ. ನಾನೂ ನಕ್ಕೆ. ಕೊನೆಗೆ ಶೀನುವೂ ನಕ್ಕ. ಮೂವರ ನಗುವಿಗೆ ಹರಿಗೋಲು ಇನ್ನೆರಡು ಸುತ್ತು ತಿರುಗಿತು. ಒಂದು ತೊಟ್ಟು ನೀರು ಒಳಗೆ ಬರಲಿಲ್ಲ.

ವಾಪಸ್ಸು ದಡಕ್ಕೆ ಬಂದಾಗ ಹೆಣ್ಣಿನ ಅಜ್ಜಿ ಕೋಲೂರಿಕೊಂಡು ಮುಂದೆ ಬಂದರು. "ಏಜೆಂಟಪ್ಪ, ವಸಿ ಆ ಕಡೀಕೆ ತಿರುಗು," ಎಂದರು. ಅವನು ತಿರುಗಿದ. ಅಜ್ಜಿ ಅಷ್ಟು ಜನರ ಎದುರಿಗೆ ಅವನ ಪ್ಯಾಂಟಿನ ಹಿಂಭಾಗವನ್ನು ಅಂಗೈಯಲ್ಲಿ ಒತ್ತಿ ನೋಡಿದರು. ಒಂದು ಕಡೆ, ಇನ್ನೊಂದು ಕಡೆ. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಒಣಗೈತೆ ಕಣಮ್ಮ. ಹತ್ತು," ಎಂದರು.

ಹೆಣ್ಣು ಸೆರಗು ಬಾಯಿಗಿಟ್ಟು ನಗುತ್ತಲೇ ಹತ್ತಿದಳು. ಎಂಥ ಸರ್ಟಿಫಿಕೇಟು ನೋಡಿ! ಯಾವ ಎಂಜಿನಿಯರು ಇಷ್ಟು ಖಚಿತವಾಗಿ ಸಹಿ ಹಾಕುತ್ತಾನೆ? ಮೂರು ಸಲದಲ್ಲಿ ದಿಬ್ಬಣವೆಲ್ಲ ದಾಟಿತು. ಕೊನೆಯ ಸಲ ವಾಲಗದವರು ಹರಿಗೋಲಿನಲ್ಲೇ ಬಾರಿಸುತ್ತಾ ಹೋದರು. ಅವರು ಆಚೆ ದಡ ಮುಟ್ಟುವವರೆಗೂ ಶೀನು ಮೆಟ್ಟಿಲು ಬಿಟ್ಟು ಕದಲಲಿಲ್ಲ. ಮುಹೂರ್ತಕ್ಕೆ ಇನ್ನೂ ಒಂದು ಗಂಟೆ ಇತ್ತು.

ಹರಿಗೋಲು ಕಟ್ಟಿ ಬಂದ ರಂಗಪ್ಪ, "ಬರ್ಕಳಿ ಸ್ವಾಮಿ, ನನ್ ಹೆಸ್ರು," ಎಂದ. ಶೀನುಗೆ ನಂಬಿಕೆಯಾಗಲಿಲ್ಲ. ಯಾಕೆ ಎಂದು ನಾನೇ ಕೇಳಿದೆ. "ತೇಪೆ ಮ್ಯಾಲೆ ಕುಂತೋರ ಮಾತು ನಂಬ್ದೆ ಇನ್ಯಾರ್ ಮಾತು ನಂಬಾನ ಮೇಷ್ಟ್ರೇ?" ಎಂದ. ಶೀನುವಿನ ಕಣ್ಣು ಒದ್ದೆಯಾಯಿತು. ಅವನ ಮೊದಲ ಪಾಲಿಸಿ.

ಫಾರಂ ಜೊತೆಗೆ ಕಂಪನಿಯ ಪುಸ್ತಕವೂ ಚೀಲದಿಂದ ಬಂತು. ಅದರಲ್ಲಿ ಜರಿಪೇಟ ಸುತ್ತಿದ ಐದು ಜನರ ಫೋಟೋ. "ಇವ್ರು ಯಾರು?" ಎಂದ ರಂಗಪ್ಪ.

"ಡೈರೆಕ್ಟರುಗಳು. ನಾಳೆ ಏನಾದರೂ ಆದರೆ ನಿನ್ನ ಮನೆಯವರಿಗೆ ಜವಾಬ್ದಾರರು ಇವರೇ," ಎಂದ ಶೀನು ಹೆಮ್ಮೆಯಿಂದ.

ರಂಗಪ್ಪ ಒಂದೊಂದೇ ಮುಖವನ್ನು ಬೆರಳಿಟ್ಟು ನೋಡಿದ. ಆಮೇಲೆ ಒಂದು ಪ್ರಶ್ನೆ ಕೇಳಿದ. ಆ ಐವರಲ್ಲಿ ಯಾರಾದರೂ ಈ ಪತ್ರಿಕೆ ತರಿಸುತ್ತಿದ್ದರೆ ದಯವಿಟ್ಟು ಉತ್ತರ ತಿಳಿಸಬೇಕು:

"ಇವ್ರು ಯಾವಾಗ ಬಂದು ಕುಂತ್ಕತಾರೆ?"