ಭಾವನವರ ಡಿಫರೆನ್ಷಿಯಲ್

ಕಾರಿನಡಿಯಿಂದ ಎರಡು ಪಾದ ಹೊರಗೆ ಚಾಚಿರುತ್ತಿದ್ದವು. ಒಡೆದ ಹಿಮ್ಮಡಿಯ ಬಿರುಕುಗಳಲ್ಲಿ ಗ್ರೀಸು ಗೆರೆಗೆರೆಯಾಗಿ ಕೂತಿರುತ್ತಿತ್ತು. ಎಡಗಾಲಿನ ಹೆಬ್ಬೆರಳು ಮಾತ್ರ ಸದಾ ಅಲ್ಲಾಡುತ್ತಿತ್ತು. ಹಾಲಿನವಳು, ಪೋಸ್ಟ್‌ಮನ್, ಪಕ್ಕದ ಮನೆಯವರು, ಎಲ್ಲರೂ ಆ ಪಾದಗಳ ಹತ್ತಿರ ನಿಂತು ಮಾತಾಡಿ ಹೋಗುತ್ತಿದ್ದರು. ಹೆಬ್ಬೆರಳು ಜೋರಾಗಿ ಆಡಿದರೆ ಒಪ್ಪಿಗೆ ಎಂದರ್ಥ. "ಭಾವ, ಊಟಕ್ಕೆ ಬನ್ನಿ, ಸಾರು ಆರಿಹೋಗ್ತಿದೆ" ಎಂದು ನಾನು ಕರೆದರೆ ಮಾತ್ರ ಅದು ಗಪ್ಪನೆ ನಿಂತುಬಿಡುತ್ತಿತ್ತು.

ಅವರು ನನ್ನ ಅಕ್ಕನ ಗಂಡ. ಮದುವೆಯಾಗದ ನಾನು ಬಸವನಗುಡಿಯ ಅವರ ಮನೆಯಲ್ಲೇ ಇದ್ದುಕೊಂಡು ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಭಾವ ಸರ್ಕಾರಿ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು ರಿಟೈರ್ ಆದವರು. ಜೀವಮಾನವೆಲ್ಲ ಸೇತುವೆಗಳ ನಕ್ಷೆ ಬಿಡಿಸಿದ್ದರಿಂದಲೋ ಏನೋ, ಯಾವುದನ್ನೂ ನೆಟ್ಟಗೆ ಬಾಯಲ್ಲಿ ಹೇಳುವವರಲ್ಲ. ಇಡ್ಲಿ ಗಟ್ಟಿಯಾಗಿದ್ದರೆ, ಕುಕ್ಕರಿನೊಳಗೆ ಹಬೆ ಹೇಗೆ ತಿರುಗಬೇಕೆಂದು ಪೇಪರಿನ ಅಂಚಿನಲ್ಲಿ ಬಾಣ ಬಿಡಿಸಿ ತೋರಿಸುತ್ತಿದ್ದರು. "ರೀ, ಬಾಣ ತಿನ್ನಕ್ಕಾಗಲ್ಲ, ಇಡ್ಲಿ ತಿನ್ನಿ" ಎನ್ನುತ್ತಿದ್ದಳು ಅಕ್ಕ.

ಮನೆ ರಸ್ತೆಗಿಂತ ತಗ್ಗಿನಲ್ಲಿತ್ತು. ಕಟ್ಟುವಾಗ ಹಾಗಿರಲಿಲ್ಲ. ಕಾರ್ಪೊರೇಷನ್‌ನವರು ಹಳೆಯ ಡಾಂಬರು ಕೀಳದೆ ಅದರ ಮೇಲೆಯೇ ಹೊಸದು ಸುರಿದು ಸುರಿದು, ರಸ್ತೆ ಮೇಲಕ್ಕೇರಿ ನಾವು ಬಾವಿಯೊಳಗೆ ಇಳಿದ ಹಾಗಾಗಿತ್ತು. ಗೇಟಿನಿಂದ ಅಂಗಳಕ್ಕೆ ಚಪ್ಪಡಿ ಕಲ್ಲಿನ ಇಳಿಜಾರು. ಅದರ ಮಧ್ಯೆ ಸಂಪಿಗೆ ಮರದ ದಪ್ಪ ಬೇರು. ಮರ ಮನೆಯ ಕಡೆಗೇ ವಾಲಿತ್ತು, ಬೇರು ಕಡಿದರೆ ಸೀದಾ ನಮ್ಮ ಅಡುಗೆಮನೆಯ ಮೇಲೆ ಬೀಳುತ್ತಿತ್ತು. ಹಾಗಾಗಿ ಕಾರನ್ನು ಓರೆಯಾಗಿಯೇ ಹತ್ತಿಸಬೇಕು. ಓರೆಯಾಗಿ ಹತ್ತಿದರೆ ಹಿಂದಿನ ಬಲಚಕ್ರ ಹಗುರಾಗಿ, ಕಲ್ಲನ್ನು ಮುಟ್ಟಿಯೂ ಮುಟ್ಟದ ಹಾಗೆ ಗಿರಗಿರನೆ ಸುತ್ತುತ್ತಿತ್ತು. ಕಾರು ನಿಂತಲ್ಲೇ ನಿಂತು ರಬ್ಬರಿನ ವಾಸನೆ ಬಿಡುತ್ತಿತ್ತು.

ಆ ವರ್ಷಗಳಲ್ಲಿ ಅಕ್ಕನಿಗೆ ಕೀಲುಗಳ ಕಾಯಿಲೆ. ಅದಕ್ಕೆ ಕೊಟ್ಟ ಸ್ಟೆರಾಯ್ಡ್‌ನಿಂದ ಮೈ ಊದಿಕೊಂಡು, ನಾಜೂಕಾಗಿದ್ದ ನನ್ನ ಅಕ್ಕ ಗುರುತು ಸಿಗದ ಹಾಗಾಗಿದ್ದಳು. ಫೋಟೋ ತೆಗೆಯಲು ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಆ ಇಳಿಜಾರು ಹತ್ತಿ ಆಟೋ ಹಿಡಿಯುವುದು ಅವಳ ಕಾಲಿಗೆ ಆಗದ ಮಾತು. ಕಾರೊಂದೇ ಗತಿ. ಅವಳಿಗೆ ಉಳಿದಿದ್ದ ಒಂದೇ ಸುಖ ರಾಮನವಮಿಯ ಪೆಂಡಾಲಿನ ಸಂಗೀತ ಕಛೇರಿಗಳು. ಚಾಮರಾಜಪೇಟೆಗೆ ಹೋಗಿ, ತೊಡೆಯ ಮೇಲೆ ತಾಳ ಹಾಕುತ್ತಾ ಕೂತರೆ ನೋವೆಲ್ಲ ಮರೆಯುತ್ತಿದ್ದಳು.

ಒಂದು ರಾಮನವಮಿಗೆ, ಮಾವಿನ ಮಳೆ ಬಿದ್ದು ಕಲ್ಲು ಒದ್ದೆಯಾಗಿದ್ದ ಸಂಜೆ, ಕಾರು ಹತ್ತಲೇ ಇಲ್ಲ. ಬೀದಿಯವರು ನಾಲ್ಕೈದು ಜನ ಬಂದು ತಳ್ಳಿದರು. ಮೂಲೆಯ ಸೈಕಲ್ ಅಂಗಡಿಯವನು ಏದುಸಿರು ಬಿಡುತ್ತಾ, "ಏನ್ ಸಾರ್, ಇವತ್ತು ಲೋಡು ಭಾರೀ ಜಾಸ್ತಿ!" ಎಂದು ನಕ್ಕ. ಪಾಪ, ಅವನಿಗೇನು ಗೊತ್ತು. ಹಿಂದಿನ ಸೀಟಿನಲ್ಲಿ ಮೈಸೂರು ರೇಷ್ಮೆ ಉಟ್ಟು ಕೂತಿದ್ದ ಅಕ್ಕ ಸೆರಗನ್ನು ಮೈತುಂಬ ಎಳೆದುಕೊಂಡಳು. ಕಛೇರಿ ಮುಗಿದು ಮನೆಗೆ ಬಂದ ಮೇಲೆ, "ಇನ್ಮೇಲೆ ನಾನು ಎಲ್ಲಿಗೂ ಬರಲ್ಲ ಕಣ್ರೀ" ಎಂದಳು. ನಿಜವಾಗಿಯೂ ಬರಲಿಲ್ಲ. ಮನೆಬಾಗಿಲಿನವರೆಗೆ ಮಾತ್ರ ಬರುತ್ತಿದ್ದಳು.

ಭಾವ ಮರುದಿನ ಬೆಳಿಗ್ಗೆ ಕಾರಿನಡಿ ಸೇರಿದರು.

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್! ಆ ಮೂರು ಪದ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. "ಏನದು?" ಎಂದು ಕೇಳಿದ್ದೇ ನನ್ನ ಗ್ರಹಚಾರ.

"ಗಂಡ ಹೆಂಡತಿ ಕೈಹಿಡ್ಕೊಂಡು ಪ್ರದಕ್ಷಿಣೆ ಹಾಕ್ತಿದಾರೆ ಅಂದ್ಕೊಳಮ್ಮ. ಒಳಗಡೆಯವರಿಗೆ ದಾರಿ ಕಮ್ಮಿ, ಹೊರಗಡೆಯವರಿಗೆ ಜಾಸ್ತಿ. ಅವರವರ ನಡಿಗೆ ಅವರು ನಡೀಲಿ ಅಂತ ಬಿಡೋದೇ ಡಿಫರೆನ್ಷಿಯಲ್. ಆದ್ರೆ ಒಬ್ರು ಎಣ್ಣೆ ಮೇಲೆ ಕಾಲಿಟ್ಟು ಜಾರಿದ್ರು ಅನ್ನು, ಇಂಜಿನ್ನು ತನ್ನ ಜೀವ ಎಲ್ಲಾ ಆ ಜಾರೋ ಕಾಲಿಗೇ ಸುರಿಯುತ್ತೆ. ಗಟ್ಟಿಯಾಗಿ ನಿಂತವರಿಗೆ ಏನೂ ಸಿಗಲ್ಲ. ಹಾಗಾಗದ ಹಾಗೆ ಇಬ್ಬರನ್ನೂ ಸ್ವಲ್ಪ ಬಿಗಿಯಾಗಿ ಹಿಡ್ಕೊಳೋದು ಇದು."

"ನಮ್ಮನೇಲೂ ಹಾಗೇ ಅಲ್ವಾ ಭಾವ. ಹಠ ಮಾಡೋರಿಗೇ ಎಲ್ಲಾ. ಗಟ್ಟಿಯಾಗಿ ನಿಂತಿರೋ ನಾನು ಆಟೋಗೆ ಅಲೀಬೇಕು."

ಹೆಬ್ಬೆರಳು ಜೋರಾಗಿ ಆಡಿತು.

ಅಂಥ ವಸ್ತು ಅಂಗಡಿಯಲ್ಲಿ ಸಿಗುವುದಿಲ್ಲವಲ್ಲ, ತಾವೇ ನಕ್ಷೆ ಬಿಡಿಸಿದರು. ಸ್ಪ್ರಿಂಗಿಗಾಗಿ ಬಳೇಪೇಟೆ, ಮಾಮೂಲ್‌ಪೇಟೆಯ ಗಲ್ಲಿಗಳನ್ನೆಲ್ಲ ಸುತ್ತಿದರು. ಆ ಬಿಗಿ ಹಿಡಿತಕ್ಕೆ ಬೇಕಾದ ಬಳೆಯಂಥ ಉಕ್ಕಿನ ತಟ್ಟೆಗಳನ್ನು ಕಲಾಸಿಪಾಳ್ಯದ ಲೇತ್ ಅಂಗಡಿಯಲ್ಲಿ ಮಾಡಿಸಿದರು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಸಾರ್, ಇದು ರೇಸ್ ಗಾಡಿಗೆ ಹಾಕೋದು. ನಿಮ್ ಗಾಡೀಲಿ ಅಷ್ಟು ಪವರ್ ಎಲ್ಲಿದೆ? ಒಳ್ಳೆ ಟೈರ್ ಹಾಕ್ಸಿ, ಸಾಕು" ಎಂದರು.

"ಪವರ್ ಇರೋರು ಪೋಲು ಮಾಡಬಹುದಪ್ಪ. ನಂಗೆ ಇರೋದೇ ಇಷ್ಟು" ಎಂದರು ಭಾವ.

ಟೈರ್ ಹಾಕಿಸಿಯೂ ಆಗಿತ್ತು. ಗೋಣಿಚೀಲ ಹಾಸಿದರೆ ಚಕ್ರ ಅದನ್ನು ಹಿಂದಕ್ಕೆ ಎಸೆಯುತ್ತಿತ್ತು. ಡಿಕ್ಕಿಯಲ್ಲಿ ಮರಳು ಮೂಟೆ ಇಟ್ಟರೆ, ಬ್ಯೂಗಲ್ ರಾಕ್ ಪಕ್ಕದ ಏರಿಗೇ ಉಬ್ಬಸ ಪಡುವ ಆ ಇಂಜಿನ್ನು ಇಳಿಜಾರಿನ ಅರ್ಧಕ್ಕೇ ಆಫ್ ಆಗುತ್ತಿತ್ತು. ಭಾವ ಮಾಡಿದ ಮೊದಲನೆಯ ತಟ್ಟೆಗಳು ಸುಟ್ಟುಹೋದವು. ಇನ್ನೊಂದು ರಾಮನವಮಿ ಬಂತು, ಕಾರಿನ ಹಿಂಭಾಗ ಇಟ್ಟಿಗೆಗಳ ಮೇಲೆಯೇ ಇತ್ತು. ಅಕ್ಕ ರೇಡಿಯೋ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು.

ಅವತ್ತು ನನ್ನ ತಾಳ್ಮೆ ತಪ್ಪಿತು. ಸೀದಾ ಅಂಗಳಕ್ಕೆ ಹೋಗಿ ಪಾದಗಳ ಮುಂದೆ ನಿಂತೆ. "ದಿಸ್ ಈಸ್ ದಿ ಲಿಮಿಟ್, ಭಾವ! ಒಂದು ಚಕ್ರ ಹಗುರ ಆಗತ್ತೆ, ಅದಕ್ಕೇ ಜಾರತ್ತೆ, ಅಷ್ಟೇ ತಾನೆ? ಭಾರ ಆ ಕಡೆಗೆ ಬರೋ ಹಾಗೆ ಮಾಡೋಕೆ ಇಷ್ಟೆಲ್ಲ ಬೇಕಾ? ಕಾಮನ್ ಸೆನ್ಸ್!"

ಭಾವ ಕಾರಿನಡಿಯಿಂದ ತೆವಳಿಕೊಂಡು ಹೊರಗೆ ಬಂದರು. ಮೊದಲು ಅಕ್ಕನ ರೂಮಿನ ಕಿಟಕಿ ಮುಚ್ಚಿದೆಯೇ ಎಂದು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ನಂಗೆ ಮೊದಲ್ನೇ ದಿನವೇ ಗೊತ್ತಿತ್ತಮ್ಮ. ಅವಳು ಯಾವಾಗಲೂ ಎಡಗಡೆ ಕೂರ್ತಾಳೆ, ಹೂವಿನಂಗಡಿ ಕಾಣ್ಲಿ ಅಂತ. ಗೇಟು ದಾಟೋವರೆಗೆ ಬಲಗಡೆ ಸರಿದು ಕೂತ್ರೆ ಸಾಕು, ಕಾರು ಹತ್ತುತ್ತೆ. ಅವಳಿಗೆ ಅದನ್ನ ಹೇಗೆ ಹೇಳ್ಲಿ? ನಿನ್ನ ಭಾರ ಈ ಕಡೆಗೆ ಹಾಕು ಅನ್ಲಾ?" ನನ್ನ ಕಡೆ ತಿರುಗಿ, "ನೀನು ಹೇಳ್ತೀಯಾ?" ಎಂದರು.

ನಾನೂ ಆ ಮುಚ್ಚಿದ ಕಿಟಕಿಯ ಕಡೆ ನೋಡಿದೆ.

"ಸ್ಪ್ಯಾನರ್ ಕೊಡು" ಎಂದು ಮತ್ತೆ ಒಳಗೆ ಸರಿದರು.

ಎರಡನೆಯ ತಟ್ಟೆಗಳು ಕಚ್ಚಿಕೊಂಡವು. ಮಳೆ ಬಿದ್ದ ಒಂದು ಬೆಳಿಗ್ಗೆ ಕಾರು, ಮೈಮೇಲೆ ಬಂದವರ ಹಾಗೆ ನಡುಗುತ್ತಾ, ಯಾರೂ ತಳ್ಳದೆ ಇಳಿಜಾರು ಹತ್ತಿತು. ಭಾವ ಅಕ್ಕನಿಗೆ "ಸುಮ್ನೆ ಒಂದು ರೌಂಡು" ಎಂದರು. ಅವಳು ಬಹಳ ಹೊತ್ತು ಯೋಚಿಸಿ, ಚಪ್ಪಲಿ ಹಾಕಿಕೊಂಡಳು. ಎಡಗಡೆಯೇ ಕೂತಳು. ಗೇಟು ದಾಟುವವರೆಗೂ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಭಾವ ಇದ್ದಷ್ಟು ವರ್ಷ ಅವಳಿಗೆ ಒಂದು ಕಛೇರಿಯೂ ತಪ್ಪಲಿಲ್ಲ.

ಸಮತಟ್ಟಾದ ರಸ್ತೆಯಲ್ಲಿ ಮಾತ್ರ ಅದೊಂದು ಶನಿ. ತಿರುವಿನಲ್ಲೆಲ್ಲ ಗೊರಗೊರ ಸದ್ದು, ಸ್ಟೀರಿಂಗ್ ಕಲ್ಲಿನಂತೆ ಬಿಗಿ. ಪುಟ್ಟ ಕಾರಿಗೆ ಅದು ಲಾಯಕ್ಕಾ ಎಂದು ಕೇಳಿದರೆ, ಡ್ರೈವ್ ಮಾಡಿದವಳಾಗಿ ಹೇಳುತ್ತೇನೆ, ನೋ. ಆ ಕಾರಲ್ಲೇ ಭಾವ ನನಗೆ ಡ್ರೈವಿಂಗ್ ಕಲಿಸಿದ್ದು. ನನ್ನ ಭುಜಗಳು ಇವತ್ತಿಗೂ ಅವರನ್ನು ಕ್ಷಮಿಸಿಲ್ಲ.

ಭಾವ ಹೋದದ್ದು ಒಂದು ಮಾಘದಲ್ಲಿ, ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ ಮಧ್ಯಾಹ್ನವೇ. ಆ ವರ್ಷ ಕಛೇರಿಯ ಮಾತೇ ಎತ್ತಬಾರದು ಎಂದುಕೊಂಡಿದ್ದೆ. ರಾಮನವಮಿಯ ಸಂಜೆ ನೋಡಿದರೆ, ಅಕ್ಕ ತಿಳಿಬಣ್ಣದ ಸೀರೆ ಉಟ್ಟು ಆಗಲೇ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು.

"ನಡಿಯೇ, ಶುರುವಿನ ವರ್ಣ ತಪ್ಪಿಹೋಗುತ್ತೆ."

ನಾನು ಕೂತು ಇಳಿಜಾರು ಹತ್ತಿಸಿದೆ. ಮೊದಲ ತಿರುವಿನಲ್ಲೇ ಅದರ ಗೊರಗೊರ ಶುರುವಾಯಿತು.

"ಎಷ್ಟು ವರ್ಷ ಒದ್ದಾಡಿದ್ರಲ್ಲೇ ಇದಕ್ಕೆ" ಎಂದಳು ಅಕ್ಕ. "ನಿಜ ಹೇಳು, ಬೇರೆ ಸುಲಭದ ದಾರಿ ಏನೂ ಇರ್ಲಿಲ್ವಾ?"

"ಇರ್ಲಿಲ್ಲ ಅಕ್ಕ" ಎಂದೆ. "ಇದೊಂದೇ ದಾರಿ ಅಂತೆ. ಬೇಕಾದ್ರೆ ಯಾವ ಇಂಜಿನಿಯರ್‌ನ ಬೇಕಾದ್ರೂ ಕೇಳು."

"ಹಾಗಾದ್ರೆ ಸರಿ" ಎಂದು ಅವಳು ಹೂವಿನಂಗಡಿಗಳ ಕಡೆ ತಿರುಗಿದಳು.

ನಾನು ಕಾನ್ವೆಂಟಿನ ಸಿಸ್ಟರ್‌ಗಳ ಕೈಕೆಳಗೆ ಬೆಳೆದವಳು, ಸುಳ್ಳು ಹೇಳಿದರೆ ಮುಖವೆಲ್ಲ ಕೆಂಪಾಗುತ್ತದೆ. ಸದ್ಯ, ಕಾರು ಓಡಿಸುವವಳ ಮುಖ ಹಿಂದೆ ಕೂತವರಿಗೆ ಕಾಣುವುದಿಲ್ಲ.