ನಾಲ್ಕು ಕಿವಿಗೆ ಹಂಚಿದ ಬೇನೆ

"ಇವತ್ತ ನನಗ ಏನಾಗೇತಿ?"

ಬಸ್ಸಿನ ಕಿಟಕಿಗೆ ಮುಖ ಮಾಡಿ ಮಾಯಕ್ಕ ಕೇಳುತ್ತಾರೆ. ಯಾರನ್ನೂ ಕೇಳಿದ್ದಲ್ಲ, ಅವರ ಕೆಲಸ ನೋಡಲೆಂದು ಜೊತೆಗೆ ಹೊರಟು ಪಕ್ಕದಲ್ಲಿ ಕೂತ ನನ್ನನ್ನೂ ಅಲ್ಲ. ಖಾನಾಪುರದಿಂದ ಬೆಳಗಾವಿಗೆ ಹೊರಟ ಮೊದಲ ಬಸ್ಸು. ಉದ್ಯಮಬಾಗದ ಕಾರ್ಖಾನೆಗಳ ಕೆಲಸಗಾರರು ಇನ್ನೂ ತೂಕಡಿಸುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ಉತ್ತರವೂ ಅವರಿಂದಲೇ ಬರುತ್ತದೆ: "ಹಾಂ, ಬಿ.ಪಿ. ಗುಳಿಗಿ ನುಂಗಾಕ ಅಂಜಿಕಿ."

ಮಾಯಕ್ಕನಿಗೆ ಯಾವ ಕಾಯಿಲೆಯೂ ಇಲ್ಲ. ರೋಗಿಯಾಗುವುದೇ ಅವರ ಕೆಲಸ. ಬೆಳಗಾವಿಯ ಕಾಲೇಜೊಂದರಲ್ಲಿ ಡಾಕ್ಟರು, ನರ್ಸು, ಫಾರ್ಮಸಿ, ಫಿಜಿಯೊಥೆರಪಿ ಕಲಿಯುವ ಮಕ್ಕಳು ಒಂದೇ ಮಂಚದ ಸುತ್ತ ನಿಂತು ಕೂಡಿ ದುಡಿಯುವುದನ್ನು ಕಲಿಯುತ್ತಾರೆ. ಆ ಮಂಚದ ಮೇಲೆ ಮಲಗುವವರು ಇವರು. ಗಂಡ ರಾಯಪ್ಪನವರ ಚೇಷ್ಟೆ ಮಾತ್ರ ನಿಂತಿಲ್ಲ: "ಮನ್ಯಾಗ ಕೆಲಸಾ ಅಂದ್ರ ಈಕಿಗೆ ಬ್ಯಾನಿ. ಅಲ್ಲಿ ನೋಡ್ರಿ, ಬ್ಯಾನಿನ ಕೆಲಸಾ!"

ನಿಯಮ ಒಂದೇ: ಇಡೀ ಸಂಗತಿಯನ್ನು ಒಬ್ಬರಿಗೇ ಹೇಳುವಂತಿಲ್ಲ. ಒಂದೊಂದು ಚೂರು ಒಬ್ಬೊಬ್ಬರ ಕಿವಿಗೆ. ನಾಲ್ವರೂ ಮಾತಾಡಿಕೊಂಡರಷ್ಟೇ ಬೇನೆ ತಿಳಿಯುತ್ತದೆ.

"ನಮ್ಮ ಅತ್ತೀನ ಹಿಂಗ ಕಳಕೊಂಡೇವ್ರಿ" ಎನ್ನುತ್ತಾರೆ ಮಾಯಕ್ಕ. "ದವಾಖಾನ್ಯಾಗ ಒಬ್ಬರಿಗೆ ಗೊತ್ತಿತ್ತ, ಇನ್ನೊಬ್ಬರಿಗೆ ಹೇಳಲಿಲ್ಲ. ಸಿಟ್ಟಿಲ್ಲ ನನಗ. ಕುರಿ ಕಾಯೂದೂ ಹಂಗ. ಹಿಂದ ತ್ವಾಳ ಕಂಡಂವ ಕೂಗಲಿಲ್ಲಂದ್ರ ಮುಂದ ನಡಿಯಾಂವಗ ಹೆಂಗ ತಿಳೀಬೇಕು?"

ಇಂದಿನ ಗುಂಪಿನಲ್ಲಿ ನರ್ಸಿಂಗ್ ಓದುವ ಸಮೃದ್ಧಿ ಇದ್ದಾಳೆ. ಎಲ್ಲವನ್ನೂ ಬಲ್ಲ ಹುಡುಗಿ. ಡಾಕ್ಟರ್ ಓದುವವರ ಮುಂದೆ ಮಾತ್ರ ಬಾಯಿ ಕಟ್ಟುತ್ತದೆ. ಸೋಮವಾರ ಈ ಮಕ್ಕಳು ಕಣಕುಂಬಿ ಹಳ್ಳಿಗೆ, ನಿಜವಾದ ರೋಗಿಗಳ ಮನೆಗಳಿಗೆ ಹೋಗುತ್ತಾರೆ. ಇಂದೂ ಬಾಯಿ ತೆರೆಯದಿದ್ದರೆ ಅವಳೊಬ್ಬಳು ಇಲ್ಲೇ ಉಳಿಯಬೇಕು.

ಮಾಯಕ್ಕ ಮಂಚ ಏರುತ್ತಾರೆ. ಮುಖ ಬಾಡುತ್ತದೆ, ಉಸಿರು ಸಣ್ಣದಾಗುತ್ತದೆ. ಬಸ್ಸಿನಲ್ಲಿ ನನಗೆ ಶೇಂಗಾ ಕೊಟ್ಟ ಹೆಂಗಸು ಎಲ್ಲಿ ಹೋದರೋ! ಸಮೃದ್ಧಿಯ ಕೈ ಹಿಡಿದು ಪಿಸುಗುಡುತ್ತಾರೆ: "ಎರಡ ತಿಂಗಳಾತವ್ವಾ, ಒಂದ ಗುಳಿಗಿನೂ ನುಂಗಿಲ್ಲ. ಸೊಸಿಗೆ ಸುಳ್ಳ ಹೇಳೇನಿ."

ಡಾಕ್ಟರ್ ಓದುವ ಆಕಾಶನಿಗೆ ಇದು ಗೊತ್ತಿಲ್ಲ. "ಬಿ.ಪಿ. ಇಳಿದೇ ಇಲ್ಲ. ಗುಳಿಗಿ ಡಬಲ್ ಮಾಡೂಣು" ಎನ್ನುತ್ತಾನೆ. ಸಮೃದ್ಧಿಯ ತುಟಿ ಅಲುಗುತ್ತದೆ. ದನಿ ಹೊರಡುವುದಿಲ್ಲ.

ತಪ್ಪಿದರೆ ಮುಂದೇನೆಂಬುದನ್ನೂ ಮಾಯಕ್ಕನೇ ತೋರಿಸಬೇಕು. "ಸೊಸಿ ಮುಂದ ನಿಂತು ಡಬಲ್ ಮಾಡಿದ್ದ ಎಲ್ಲಾ ಗುಳಿಗಿ ನುಂಗಿಸಿದ್ಲರಿ..." ಎನ್ನುತ್ತ ಎದ್ದು ನಿಂತವರು, ಬಿ.ಪಿ. ಒಮ್ಮೆಲೇ ಇಳಿದವರಂತೆ ಕಣ್ಣು ಮೇಲಾಗಿ ನೆಲಕ್ಕೆ ಕುಸಿಯುತ್ತಾರೆ. ನಟನೆಯೆಂದು ಗೊತ್ತು. ಆದರೂ ನನ್ನ ಕೈಗಳು ತಾವಾಗಿಯೇ ಕೂಡಿಕೊಳ್ಳುತ್ತವೆ.

"ಊಟಾದ ಮ್ಯಾಲೆ ಇನ್ನೊಮ್ಮೆ. ಅದ ಕಡೀದು" ಎನ್ನುತ್ತಾರೆ ಪಾಠ ಮಾಡುವ ಪ್ರಮಿಳಾ ಮೇಡಂ.

ಮಾಯಕ್ಕ ಸೀರೆ ಝಾಡಿಸಿಕೊಂಡು, ಹಿತ್ತಲ ಮೆಟ್ಟಿಲಲ್ಲಿ ಚಹಾ ಹಿಡಿದು ಕೂತಿದ್ದಾರೆ. ಸಮೃದ್ಧಿ ಬಂದು ಪಕ್ಕದಲ್ಲಿ ಕುಕ್ಕರಿಸುತ್ತಾಳೆ. ಕಣ್ಣು ಕೆಂಪಾಗಿದೆ.

"ಮಾಯಕ್ಕಾ, ಈ ಸಲ ನೀವ ಆಕಾಶಗ ಹೇಳಿಬಿಡ್ರಿ. ಗುಳಿಗಿ ನುಂಗಿಲ್ಲಂತ ಒಂದ ಮಾತ. ಮೇಡಮ್ಮರಿಗೆ ತಿಳಿಯಂಗಿಲ್ಲ. ನಾ ಕಣಕುಂಬಿಗೆ ಹೋಗಬೇಕ್ರಿ."

ಮಾಯಕ್ಕ ಅರ್ಧ ಚಹಾ ಬಸಿಗೆ ಸುರಿದು ಅವಳ ಕೈಗಿಡುತ್ತಾರೆ. ಅವಳು ಕುಡಿದು ಮುಗಿಸಿದ ಮೇಲೆ ತಲೆ ಸವರುತ್ತಾರೆ.

"ಬಿದ್ದ ಮ್ಯಾಲೆ ನಾ ಎದ್ದ ಬಂದು ಚಾ ಕುಡೀತೇನಿ, ನನ ಮಗಳ. ಕಣಕುಂಬ್ಯಾಗ ಬಿದ್ದಾಕಿ ಏಳಂಗಿಲ್ಲ. ನಾ ಹೇಳಂಗಿಲ್ಲ."