ಟಗರಿನ ಹೊಟ್ಟೆಗೆ ಕಿವಿಯಿಟ್ಟ ಚಾಚಾ

ಚಾಚಾರ ಬಿಳಿ ಗಡ್ಡದಲ್ಲಿ ಸದಾ ಒಂದೆರಡು ಉಣ್ಣೆಯೆಳೆ ಸಿಕ್ಕಿಕೊಂಡಿರುತ್ತಿದ್ದವು. ಕೊಳ್ಳುವ ಮೊದಲು ಪ್ರತಿ ಟಗರಿನ ಎಡಪಕ್ಕೆಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಳಗೆ ಗುಡುಗುಡು ಸದ್ದು ಬಂದರೆ ಮಾತ್ರ ವ್ಯಾಪಾರ. ಬಳ್ಳಾರಿ ಕಂಟೋನ್ಮೆಂಟಿನ ಅವರ ಮಟನ್ ಅಂಗಡಿಗೆ ಹೊಸದಾಗಿ ಬಂದವರು ಇದನ್ನು ನೋಡಿ ನಗುತ್ತಿದ್ದರು.

“ಒಳಗ ಮಂದಿ ದುಡೀತಿರ್ತಾರ ಬೇಟಿ. ಅವ್ರು ಚಲೋ ಇದ್ರ ಮಾಂಸ ಚಲೋ” ಎನ್ನುತ್ತಿದ್ದರು. ಕಣ್ಣಿಗೆ ಕಾಣದ ಆ ಮಂದಿಯನ್ನು ಸೂಕ್ಷ್ಮಜೀವಿಗಳೆಂದು ಬರೆದು ಡಿಗ್ರಿಯಲ್ಲಿ ಒಳ್ಳೇ ಅಂಕ ತೆಗೆದವಳು ನಾನು. ಚಾಚಾರಿಗೇ ಪಾಠ ಹೇಳುವಷ್ಟು ಸೊಕ್ಕೂ ಇತ್ತು.

ಸಿರಿಗೇರಿಯಲ್ಲಿ ನಾನು ಕುರಿ ಸಾಕಲು ಶುರುಮಾಡಿದ ಮೊದಲ ವರ್ಷ. ಹತ್ತು ಟಗರುಗಳನ್ನು ಚಾಚಾ ಭಾನುವಾರದ ವ್ಯಾಪಾರಕ್ಕೆ ಒಪ್ಪಿಕೊಂಡಿದ್ದರು. ಇನ್ನಷ್ಟು ಮೈದುಂಬಲಿ ಎಂದು ಕೊನೆಯ ಮೂರು ದಿನ ಸಿರುಗುಪ್ಪದ ಮಿಲ್ಲಿನಿಂದ ತಂದ ಅಕ್ಕಿನುಚ್ಚು ಬೇಯಿಸಿ ಬುಟ್ಟಿಗಟ್ಟಲೆ ಸುರಿದೆ. ಭತ್ತದ ಸೀಮೆಯವರು ನಾವು, ಪ್ರೀತಿ ಬಂದರೆ ಅನ್ನ ಇಕ್ಕುವುದೊಂದೇ ಗೊತ್ತು! ಶನಿವಾರ ಬೆಳಿಗ್ಗೆ ಅಂಗಡಿಯ ಹಿಂದೆ ಟೆಂಪೋದಿಂದ ಇಳಿಸುವಾಗ ಅವು ಮೆಲುಕು ಹಾಕುವುದನ್ನೇ ಬಿಟ್ಟಿದ್ದವು.

ಚಾಚಾ ಕಿವಿಯಿಟ್ಟರು. ಸದ್ದಿಲ್ಲ. ಬಾಯಿ ಮೂಸಿದರು.

“ಹುಳಿ ಹೊಡೀತೈತಿ. ಏನ್ ಹಾಕಿದಿ?”

“ಅನ್ನ, ಚಾಚಾ.”

“ಹುಲ್ಲು ತಿನ್ನೋ ಮಂದಿಗಿ ಏಕ್‌ದಮ್ ಅನ್ನ ಸುರಿದ್ರ ಹೆಂಗ ಬೇಟಿ? ಒಳಗ ಸತ್ತಾರ ಎಲ್ಲಾ. ಇವನ್ನ ಕೊಯ್ಯಾಂಗಿಲ್ಲ. ಮೊದ್ಲು ಬದುಕ್ಲಿ.”

ಒಂದು ಟಗರು ಆಗಲೇ ಕತ್ತು ಚೆಲ್ಲಿ ಮಲಗಿತ್ತು. ಚಾಚಾ ಗದರಲಿಲ್ಲ. ಶನಿವಾರದ ವ್ಯಾಪಾರಕ್ಕೆಂದು ಆಗಷ್ಟೇ ಕೊಯ್ದಿದ್ದ ಗಟ್ಟಿಮುಟ್ಟಾದ ಕುರಿಯೊಂದರ ಹೊಟ್ಟೆಯಿಂದ ಅರೆ ಜೀರ್ಣವಾದ ಮೇವು ತೆಗೆದು, ಬಿಸಿ ಆರುವ ಮುನ್ನವೇ ಬಟ್ಟೆಯಲ್ಲಿ ಹಿಂಡಿ, ಆ ಹಸಿರು ರಸವನ್ನು ಬಿದಿರಿನ ಗೊಟ್ಟದಲ್ಲಿ ಒಂದೊಂದಕ್ಕೂ ಕುಡಿಸಿದರು.

“ಹೊಸಾ ಮಂದೀನ ಕಳ್ಸೀನಿ. ಮನಿಗಿ ಕರ್ಕೊಂಡು ಹೋಗು. ಒಣಾ ಶೇಂಗಾ ಹೊಟ್ಟು, ನೀರು, ಅಷ್ಟ.”

ಮೂರನೆಯ ದಿನ, ಮಲಗಿದ್ದ ಟಗರೂ ಎದ್ದು ಮೆಲುಕು ಹಾಕಿತು. ಕೊಟ್ಟಿಗೆಯಲ್ಲೇ ಕೂತು ಅತ್ತುಬಿಟ್ಟೆ. ತಿಂಗಳ ಮೇಲೆ ಅವೇ ಟಗರುಗಳ ಮಾಂಸವನ್ನು ಚಾಚಾ ಬರೀ ಉಪ್ಪು ಹಾಕಿ ಬೇಯಿಸಿ ನನಗೆ ತಿನ್ನಿಸಿದರು. ಮೆತ್ತಗೆ, ಒಂಚೂರೂ ಕವುಲು ವಾಸನೆಯಿಲ್ಲದೆ, ಬಾಯಲ್ಲಿ ಕರಗುವಂತಿತ್ತು. ಆಮೇಲೆ ಕುರುಗೋಡಿನಿಂದಲೂ ಗಿರಾಕಿಗಳು ಬೈಕಿನಲ್ಲಿ ಬಂದು ‘ಸಿರಿಗೇರಿ ಟಗರು ಐತೇನ್ರಿ’ ಎಂದು ಕೇಳತೊಡಗಿದರು.

ಹೋದ ವರ್ಷ ಚಾಚಾ ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ, ನಮ್ಮ ಚಾಚಿ, ಆ ಭಾನುವಾರದ ಸುದ್ದಿ ತೆಗೆದರು. ನನ್ನ ಟಗರುಗಳನ್ನೇ ನಂಬಿದ್ದರಿಂದ ಅಂದು ಅಂಗಡಿಯಲ್ಲಿ ಮಾಂಸವೇ ಇರಲಿಲ್ಲವಂತೆ. ನನಗೆ ಈ ಯೋಚನೆ ಒಮ್ಮೆಯೂ ಬಂದಿರಲಿಲ್ಲ.

“ಗಿರಾಕಿಗಳಿಗಿ ಯಾಕ್ ಸುಳ್ಳು ಹೇಳ್ತೀರಿ ಅಂತ ಕೇಳ್ದೆ. ‘ಹುಡುಗಿ ಈಗ ಶುರು ಮಾಡ್ಯಾಳ, ಹೆಸ್ರು ಕೆಡಬಾರ್ದು’ ಅಂದ್ರು,” ಎಂದು ಚಾಚಿ ಕಣ್ಣೊರೆಸಿಕೊಂಡು ನಕ್ಕರು.

ಮುಚ್ಚಿದ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು, ಬಂದ ಗಿರಾಕಿಗಳಿಗೆಲ್ಲ ಚಾಚಾ ಹೇಳಿದ್ದು ಇಷ್ಟೇ ಅಂತೆ: “ನಿನ್ನಿ ಅನ್ನ ಜಾಸ್ತಿ ಉಂಡೆ, ನನ್ ಹೊಟ್ಟಿ ಕೆಟ್ಟೈತಿ. ಇವತ್ತು ಅಂಗಡಿ ಇಲ್ರಿ.”